ಆಮೇಲೆ ಸಾರ್ ಹೇಳಿದ ಎರಡು ಅನಾಹುತ

"ನಾನು ಒಪ್ಪಲ್ಲ," ಎಂದೆ.

ಎದುರು ಮೇಜಿನವನು ಕನ್ನಡಕದ ಮೇಲಿಂದ ನೋಡಿದ. ಆ ನೋಟಕ್ಕಾಗಿಯೇ ನಾನು ಎಷ್ಟೋ ಪದಗಳಿಗೆ ತಕರಾರು ತೆಗೆದಿದ್ದೆ. ನಮ್ಮ ಇಂಗ್ಲಿಷ್-ಕನ್ನಡ ನಿಘಂಟಿನ ಆಫೀಸಿನ ಪದ್ಧತಿಯೇ ಹಾಗೆ: ಅರ್ಥ ಬರೆದವರು ಎದುರು ಕುಳಿತವರನ್ನು ಬಾಯಿಮಾತಿನಲ್ಲಿ ಒಪ್ಪಿಸಬೇಕು. ಅಲ್ಲಿಯವರೆಗೆ ಪದ ಮುಂದಕ್ಕೆ ಹೋಗುವುದಿಲ್ಲ. ಇವನೋ, ಚೂರು ಅನುಮಾನ ಬಂದರೂ ಸಾಕು, "ಆಮೇಲೆ ನೋಡೋಣ" ಎಂದು ಎತ್ತಿಡುವವನು. ಹಾಗಾಗಿ ಆಫೀಸಿಗೆಲ್ಲ ಆಮೇಲೆ ಸಾರ್.

"ಡಿಸಾಸ್ಟರ್‌ಗೂ ಕ್ಯಾಟಾಸ್ಟ್ರಫಿಗೂ ಏನ್ರೀ ವ್ಯತ್ಯಾಸ? ಎರಡೂ ಅನಾಹುತವೇ ಅಲ್ವಾ?"

"ಅಲ್ಲ. ಡಿಸಾಸ್ಟರ್ ಅಂದ್ರೆ ದೊಡ್ಡ ಪೆಟ್ಟು. ಬಿದ್ದವರು ಹೇಗೋ ಏಳಬಹುದು. ಕ್ಯಾಟಾಸ್ಟ್ರಫಿ ಅಂದ್ರೆ ಎಲ್ಲಾ ತಲೆಕೆಳಗು. ಮತ್ತೆ ಮೊದಲಿನ ಹಾಗೆ ಆಗೋದೇ ಇಲ್ಲ."

"ಉದಾಹರಣೆ?"

"ನಾನು ಮಾಡಿದ ಟೀ ಡಿಸಾಸ್ಟರ್."

"ಅದು ಗೊತ್ತಿರೋದೇ. ಇನ್ನೊಂದಕ್ಕೆ?"

"ನೀವು ಅದನ್ನ ಕುಡಿಯೋಕೆ ಬರದೇ ಹೋದ್ರೆ..." ಅವನ ಕಿವಿ ಕೆಂಪಾಯಿತು.

ನಾನು ಪೆನ್ನು ಕೆಳಗಿಟ್ಟೆ. "ಬರದೇ ಹೋದ್ರೆ?"

"ಆಮೇಲೆ ಹೇಳ್ತೀನಿ."

ಮೈಯೆಲ್ಲ ಉರಿದುಹೋಯಿತು. ನನ್ನನ್ನು ಮೆಚ್ಚಿಕೊಂಡು ಹೋದ ಗಂಡಿನ ಮನೆಯವರಿಗೆ ಇವತ್ತು ಉತ್ತರ ಕೊಡಬೇಕು ಎಂದು ಬೆಳಗ್ಗೆಯೇ ಅವನಿಗೆ ಹೇಳಿದ್ದೆ. ನಾಚಿಕೆ ಬಿಟ್ಟು ಹೇಳಿದ್ದೆ. "ಹೌದಾ" ಎಂದು ಪೆನ್ಸಿಲ್ ಚೂಪು ಮಾಡುತ್ತಾ ಕೂತಿದ್ದ.

ಅಷ್ಟರಲ್ಲಿ ಅಕ್ಕನ ಫೋನ್ ಬಂತು. "ಏನೇ, ಅವರು ಕಾಯ್ತಿದ್ದಾರೆ. ಹೂಂ ಅನ್ಲಾ, ಬೇಡ ಅನ್ಲಾ?"

ನಾನು ಅವನನ್ನೇ ನೋಡಿದೆ. ಅವನು ಮೇಜು ನೋಡಿದ.

"ಹೂಂ ಅನ್ನು ಅಕ್ಕಾ."

ಫೋನ್ ಇಟ್ಟ ಮೇಲೆ ಮಹಾರಾಯನಿಗೆ ಬಾಯಿ ಬಂತು. ನನ್ನ ಚಪ್ಪಲಿಯ ಸದ್ದು ಕೇಳಿದ ಮೇಲೆಯೇ ಅವನಿಗೆ ಬೆಳಗಾಗುವುದಂತೆ. ನಾನು ಒಪ್ಪದ ಪದಗಳನ್ನೆಲ್ಲ ಮನೆಗೆ ಹೊತ್ತೊಯ್ದು, ನಾನು ಎದುರಿಗಿದ್ದೇನೆ ಅಂದುಕೊಂಡೇ ವಾದ ಮಾಡುತ್ತಾನಂತೆ. ರಜೆ ಬಂತೆಂದರೆ ಊಟವೂ ರುಚಿಸುವುದಿಲ್ಲವಂತೆ. ಎಲ್ಲವನ್ನೂ ಒಂದಿಷ್ಟೂ ತಡವರಿಸದೆ ಹೇಳಿದ. ನನಗೆ ಕಣ್ಣು ತುಂಬಿ ಬಂತು, ಕೆಟ್ಟ ಸಿಟ್ಟೂ ಬಂತು.

"ಇಷ್ಟು ಚೆನ್ನಾಗಿ ಮಾತು ಬರುತ್ತಲ್ಲ! ಬೆಳಗ್ಗೆ ಏನಾಗಿತ್ತು?"

"ಸರಿಯಾದ ಮಾತು ಸಿಕ್ಕಿರಲಿಲ್ಲ."

"ತಪ್ಪು ಮಾತೇ ಸಾಕಾಗಿತ್ತು ಕಣೋ ನಂಗೆ."

ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಬ್ಯಾಗ್ ಹೆಗಲಿಗೇರಿಸಿ ಎದ್ದೆ. "ಅಕ್ಕನಿಗೆ ವಾಪಸ್ ಫೋನ್ ಮಾಡಿ, ಬೇಡ ಅನ್ನಿ" ಎಂದು ಈಗಲಾದರೂ ಹೇಳುತ್ತಾನೇನೋ ಎಂದು ಬಾಗಿಲವರೆಗೂ ನಿಧಾನವಾಗಿಯೇ ನಡೆದೆ. ಹೇಳಲಿಲ್ಲ.