ಎಂಜಿನ್ ಆರಿಸುವ ಮುಂಚೆ ಒಂದು ನಿಮಿಷ

ಚಳಿ ಕಳೆದು, ಬಿಸಿಲು ಇನ್ನೂ ಬಲಿಯದ ದಿನಗಳು. ಬೆಳಗಿನ ಆರೂವರೆ. ಊರ ಹೊರಗಿನ ಅಗಲ ರಸ್ತೆಯಲ್ಲಿ ಹಾಲಿನ ವ್ಯಾನ್ ಒಂದನ್ನು ಬಿಟ್ಟರೆ ಯಾರೂ ಇರಲಿಲ್ಲ.

ಹೊಸ ಕಾರಿನ ಸ್ಟೀರಿಂಗ್ ಹಿಡಿದು ಅವಳು ಆ ತಂಪಿನಲ್ಲೂ ಬೆವರುತ್ತಿದ್ದಳು. ಪಕ್ಕದ ಸೀಟಿನಲ್ಲಿದ್ದ ಡ್ರೈವಿಂಗ್ ಮಾಸ್ಟರ್ ಕಣ್ಣು ಮುಚ್ಚಿಕೊಂಡಿದ್ದ!

ಅವಳಿಗೆ ಮೈಯೆಲ್ಲ ಉರಿಯಿತು. ಕಾರನ್ನು ಪಕ್ಕಕ್ಕೆ ತಂದು ಗಕ್ಕನೆ ನಿಲ್ಲಿಸಿದಳು.

“ಏನ್ ಮಾಸ್ಟ್ರೇ, ಕಲಿಸೋಕೆ ಬಂದಿದ್ದೀರೋ, ನಿದ್ದೆ ಮಾಡೋಕೋ?”

ಅವನು ಕಣ್ಣು ಬಿಟ್ಟ. ಸಿಟ್ಟೂ ಇಲ್ಲ, ನಾಚಿಕೆಯೂ ಇಲ್ಲ.

“ನಿದ್ದೆ ಅಲ್ಲ ಮೇಡಂ, ಕೇಳಿಸ್ಕೋತಿದ್ದೆ. ಮೂವತ್ತರ ಸ್ಪೀಡಲ್ಲಿ ನಾಲ್ಕನೇ ಗೇರ್ ಹಾಕಿದ್ರಿ. ಆಮೇಲೆ ಆಕ್ಸಿಲರೇಟರ್ ಪೂರ್ತಿ ತುಳಿದ್ರಿ. ಗಾಡಿ ಗಡಗಡ ನಡುಗ್ತು. ನಿಮಗೆ ಕೇಳಿಸ್ಲಿಲ್ವಾ?”

“ನಮ್ಮಪ್ಪ ಹಾಗೇ ಹೇಳ್ಕೊಟ್ಟಿದ್ದು. ಬೇಗ ಬೇಗ ಗೇರ್ ಏರಿಸು, ಪೆಟ್ರೋಲ್ ಉಳಿಯುತ್ತೆ ಅಂತ.”

“ಅವರ ಹಳೇ ಗಾಡಿಗೆ ಅದು ಸರಿ. ಇದು ಟರ್ಬೋ. ಇದಕ್ಕೆ ಕೆಳಗಡೆ ಉಸಿರೇ ಇರಲ್ಲ. ಎಂಜಿನ್ ಸುತ್ತು ತೋರಿಸೋ ಈ ಮೀಟರ್ ಮುಳ್ಳು ಎರಡರ ಹತ್ತಿರ ಬಂದ್ಮೇಲೆ ಟರ್ಬೋ ಗಾಳಿ ಊದೋಕೆ ಶುರು ಮಾಡುತ್ತೆ. ಆಗ ಯಾರೋ ಬೆನ್ನಿಗೆ ಕೈ ಕೊಟ್ಟು ತಳ್ಳಿದ ಹಾಗಿರುತ್ತೆ. ಎರಡೂವರೆವರೆಗೂ ಬಿಟ್ಟು ಆಮೇಲೆ ಗೇರ್ ಬದಲಾಯ್ಸಿ. ಮೇಲಿನ ಗೇರಿಗೆ ಹೋದ್ರೂ ಎಳೆತ ಸಾಯಲ್ಲ.”

“ಇನ್ನೂ ಜಾಸ್ತಿ ಬಿಟ್ರೆ?”

“ಬರೀ ಕೂಗುತ್ತೆ, ಕೆಲಸ ಆಗಲ್ಲ. ನಮ್ಮ ಸ್ಕೂಲ್ ಓನರ್ ಥರ.”

ಅವಳಿಗೆ ನಗು ಬಂತು. ನಕ್ಕರೆ ಸೋತಂತೆ ಎಂದು ತುಟಿ ಬಿಗಿಹಿಡಿದಳು.

ಅವಳು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸದವಳು. ಮನೆಯಲ್ಲಿ ಅವಳು ಮತ್ತು ಅಪ್ಪ, ಇಬ್ಬರೇ. ಅಪ್ಪ ಹಳೇ ಕಾರು ಮಾರಿ ಆಸೆಪಟ್ಟು ಈ ಕಾರು ತಂದ ತಿಂಗಳಿಗೇ ಎಡ ಮಂಡಿಯ ಆಪರೇಷನ್ ಆಯಿತು. ಕ್ಲಚ್ ತುಳಿಯುವ ಕಾಲು ಅದು. ವ್ಯಾಯಾಮ ಮಾಡಿಸುವ ಆಸ್ಪತ್ರೆ ಇದ್ದದ್ದು ಗುಡ್ಡದ ಮೇಲೆ. ತಪ್ಪದೆ ಹೋಗದಿದ್ದರೆ ಮಂಡಿ ಬಾಗಿದ ಹಾಗೇ ಉಳಿಯುತ್ತದೆ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಅವಳ ಹತ್ತಿರ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಈ ಮಾಸ್ಟರ್.

ಆ ಮೊದಲ ದಿನ ಗಲ್ಲಿಯೊಳಗೆ ಎರಡನೇ ಗೇರಿನಲ್ಲಿ ನಿಧಾನವಾಗಿ ಬಂದು ಗೇಟಿನ ಮುಂದೆ ನಿಲ್ಲಿಸಿದಾಗ, ಕೀ ತಿರುಗಿಸಲು ಹೋದ ಅವಳ ಕೈಯನ್ನು ಅವನ ಮಾತು ತಡೆಯಿತು.

“ಆಫ್ ಮಾಡ್ಬೇಡಿ. ಒಂದು ನಿಮಿಷ ಇರ್ಲಿ.”

ಯಾಕೆಂದು ಅವನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

ಮರುದಿನವೂ ಒಂದು ನಿಮಿಷ. ಅದರ ಮರುದಿನವೂ... ಮಾತು ತಾನಾಗಿಯೇ ಶುರುವಾಯಿತು.

“ನೀವು ಕನ್ನಡಕ ರಿಪೇರಿ ಮಾಡ್ತೀರಂತೆ? ನಮ್ಮಮ್ಮ ವಾರಕ್ಕೊಂದು ಸಲ ಅದರ ಮೇಲೆ ಕೂತ್ಕೋತಾರೆ.”

“ಕನ್ನಡಕ ಇಟ್ಟ ಜಾಗ ಕಾಣೋಕೂ ಕನ್ನಡಕ ಬೇಕಲ್ಲ, ಪಾಪ! ತಂದ್ಕೊಡಿ, ಸರಿ ಮಾಡ್ತೀನಿ.”

ಅವಳು ಕಡ್ಡಿ ನೆಟ್ಟಗೆ ಮಾಡಿ, ಹೊಸ ಸ್ಕ್ರೂ ಹಾಕಿ ಕೊಟ್ಟಳು. ಮೂರನೇ ದಿನ ಅವನು ಹೇಳಿದ:

“ಅಮ್ಮ ಕೇಳಿದ್ರು, ಆ ಹುಡುಗಿ ಹೇಗಿದ್ದಾಳೆ ಅಂತ.”

“ನೀವೇನಂದ್ರಿ?”

“ಗೇರ್ ಹಾಕೋದು ಸುಧಾರಿಸಿದೆ ಅಂದೆ.”

ಥೂ, ಈ ಮನುಷ್ಯ! ಆದರೂ ಆ ದಿನವೆಲ್ಲ ಅಂಗಡಿಯಲ್ಲಿ ಅವಳ ತುಟಿಯಂಚಿನ ನಗು ಹೋಗಲಿಲ್ಲ. ಅವನಿಗೆ ನನ್ನ ಜೊತೆ ಕೂರೋದು ಇಷ್ಟ. ಅದಕ್ಕೇ ಇಳಿಯೋ ಮುಂಚೆ ಒಂದು ನಿಮಿಷ ಕೇಳಿ ಪಡೀತಾನೆ... ಹೀಗೆ ಅಂದುಕೊಂಡು ಅವಳು ರಾತ್ರಿಯೇ ಬೆಳಗಿನ ಬಟ್ಟೆ ಇಸ್ತ್ರಿ ಮಾಡಿಡತೊಡಗಿದಳು.

ಒಂದು ಸಂಜೆ ಅಪ್ಪ ಮಂಡಿಗೆ ಬಿಸಿ ಶಾಖ ಕೊಟ್ಟುಕೊಳ್ಳುತ್ತಾ ಕೇಳಿದರು: “ಪುಟ್ಟಿ, ದಿನಾ ಗೇಟ್ ಮುಂದೆ ಗಾಡಿ ನಿಲ್ಸಿ, ಆಫ್ ಮಾಡ್ದೆ ಇಬ್ರೂ ಏನು ಮಾಡ್ತೀರ?”

ಅವಳ ಕಿವಿ ಬಿಸಿಯಾಯಿತು. “ಮಾಸ್ಟರ್ ಹೇಳ್ತಾರೆ ಅಪ್ಪ, ಒಂದು ನಿಮಿಷ ಇರ್ಲಿ ಅಂತ.”

“ಓ, ಅದಾ! ಟರ್ಬೋ ಬಿಸಿ ಆರಬೇಕಲ್ಲ. ಓಡಿಸಿದ ತಕ್ಷಣ ಆಫ್ ಮಾಡಬಾರದು ಅಂತ ಷೋರೂಮಿನವನೂ ಹೇಳಿದ್ದ. ಆದ್ರೆ...”

ಅವಳು ಮುಂದಿನದು ಕೇಳಲಿಲ್ಲ. ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಒಲೆ ಹಚ್ಚಿಯೇ ಇರಲಿಲ್ಲ.

ಟರ್ಬೋಗೆ! ಅವನು ಕಾಯುತ್ತಿದ್ದದ್ದು ಒಂದು ಕಬ್ಬಿಣದ ತುಂಡು ಆರಲಿ ಎಂದು! ನಾನೇನೋ ಅಂದುಕೊಂಡು, ಇಸ್ತ್ರಿ ಬೇರೆ ಮಾಡಿಕೊಂಡು... ಯಾರಿಗೂ ಹೇಳದ ಆಸೆಯಾದ್ದರಿಂದ ಅದರ ಅವಮಾನವನ್ನೂ ಒಬ್ಬಳೇ ನುಂಗಬೇಕಾಯಿತು.

ಮರುದಿನ ಗೇಟಿನ ಮುಂದೆ ನಿಂತದ್ದೇ ಅವಳು ಟಕ್ಕನೆ ಕೀ ತಿರುಗಿಸಿದಳು.

“ಒಂದು ನಿಮಿಷ...” ಎಂದ ಅವನು.

“ಅಂಗಡಿಗೆ ಹೊತ್ತಾಯ್ತು ಮಾಸ್ಟ್ರೇ.” ಅವನ ಮುಖ ನೋಡದೆ ಇಳಿದು ಒಳಗೆ ಹೋದಳು.

ಅವನು ಸ್ವಲ್ಪ ಹೊತ್ತು ಗೇಟನ್ನೇ ನೋಡುತ್ತಾ ನಿಂತಿದ್ದು, ನಡೆದುಕೊಂಡು ಹೋದ.

ಮಾರನೆಯ ದಿನ ಶುಕ್ರವಾರ, ಕೊನೆಯ ಪಾಠ. ಅವತ್ತು ಅವನು ಕಣ್ಣು ಮುಚ್ಚಲಿಲ್ಲ. ಮುಗಿಯುವಾಗ ಹೇಳಿದ:

“ಇನ್ನು ನಿಮಗೆ ನಾನು ಬೇಡ. ನಾಳೆ ಅಪ್ಪನ್ನ ಕರ್ಕೊಂಡು ಹೋಗ್ಬಹುದು. ಗುಡ್ಡ ಹತ್ತುವಾಗ ಮುಳ್ಳು ಎರಡಕ್ಕಿಂತ ಕೆಳಗೆ ಬೀಳೋ ಮುಂಚೆ ಒಂದು ಗೇರ್ ಇಳ್ಸಿ. ಬಿದ್ಮೇಲೆ ತುಳಿಯೋದು ಬೇಡ.”

“ಸರಿ.”

“ಸೋಮವಾರ ನಾನು ಹೊರಡ್ತೀನಿ ಮೇಡಂ. ನಮ್ಮ ಸ್ಕೂಲಿನವರು ಬೇರೆ ಊರಲ್ಲಿ ಹೊಸದೊಂದು ತೆಗೀತಿದ್ದಾರೆ. ಹೋಗ್ಲೋ ಬೇಡ್ವೋ ಅಂತಿದ್ದೆ. ನಿನ್ನೆ ಒಪ್ಕೊಂಡೆ.”

ನಿನ್ನೆ! ತಾನು ಟಕ್ಕನೆ ಕೀ ತಿರುಗಿಸಿ ಇಳಿದುಹೋದ ದಿನ. ಆದರೆ ಬಾಯಿಂದ ಬಂದದ್ದು, “ಒಳ್ಳೇದಾಗ್ಲಿ” ಅಷ್ಟೇ.

ಶನಿವಾರ ಅಪ್ಪನನ್ನು ಕೂರಿಸಿಕೊಂಡು ಹೊರಟಳು. ಗುಡ್ಡದ ಬುಡದಲ್ಲೇ ಮೂರನೇ ಗೇರಿಗೆ ಇಳಿದಳು. ಕಾರು ಒಂದೇ ಉಸಿರಿಗೆ ಏರಿತು. ತಿರುವಿನಲ್ಲಿ ಎರಡು, ಮತ್ತೆ ಮೂರು. ಎಲ್ಲೂ ನಡುಗಲಿಲ್ಲ.

“ಭೇಷ್!” ಎಂದರು ಅಪ್ಪ. “ನಾನಾಗಿದ್ರೆ ಅರ್ಧ ದಾರೀಲಿ ನಿಂತಿರ್ತಿದ್ದೆ.”

ಆಸ್ಪತ್ರೆಯ ಮುಂದೆ ಗಡಿಬಿಡಿಯಲ್ಲಿ ತಕ್ಷಣ ಆಫ್ ಮಾಡಿ ಅಪ್ಪನನ್ನು ಇಳಿಸಿದಳು. ವ್ಯಾಯಾಮ ಮುಗಿಸಿ ವಾಪಸು ಬಂದು, ಗಲ್ಲಿಯ ಉಬ್ಬುಗಳನ್ನು ದಾಟಿ ಮನೆ ಮುಂದೆ ನಿಂತಾಗ ಅವಳ ಕೈ ಕೀಗೆ ಹೋಗಲಿಲ್ಲ.

“ಯಾಕೆ ಪುಟ್ಟಿ?”

“ಟರ್ಬೋ ಆರಬೇಕಲ್ಲ ಅಪ್ಪ.”

“ಅಯ್ಯೋ ನಿನ್ನ! ಬಿಸಿ ಆರೋಕೆ ಬಿಡ್ಬೇಕಾಗಿದ್ದು ಅಲ್ಲಿ, ಗುಡ್ಡ ಹತ್ತಿ ನಿಲ್ಸಿದಾಗ. ಇಲ್ಲೇನಿದೆ? ಎರಡನೇ ಗೇರಲ್ಲಿ ತೆವಳ್ಕೊಂಡು ಬರೋಷ್ಟರಲ್ಲೇ ಅದು ಆರಿರುತ್ತೆ. ಅವತ್ತು ಅದನ್ನೇ ಹೇಳೋಕೆ ಹೋದೆ, ನೀನು ಇಲ್ಲದ ಹಾಲು ಉಕ್ಕುತ್ತೆ ಅಂತ ಓಡ್ಹೋದೆ.”

ಅವಳು ತಿರುಗಿ ನೋಡಿದಳು. “ಅಂದ್ರೆ... ನಮ್ಮ ಗೇಟ್ ಮುಂದೆ ಕಾಯೋ ಅಗತ್ಯಾನೇ ಇರ್ಲಿಲ್ವಾ?”

“ಗಾಡಿಗಂತೂ ಇರ್ಲಿಲ್ಲ.” ಅಪ್ಪ ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು. “ಮಾಸ್ಟರಿಗೆ ಅದು ಗೊತ್ತಿಲ್ಲದೆ ಇರುತ್ತಾ?”

ಕಣ್ಣು ಮುಚ್ಚಿ ಗೇರು ಹೇಳುವವನು! ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ...

ಅವಳು ಅಲ್ಲೇ ಕೂತು ಫೋನ್ ಮಾಡಿದಳು. “ಮಾಸ್ಟ್ರೇ, ಒಂದು ಪಾಠ ಅರ್ಥ ಆಗಿಲ್ಲ. ನಾಳೆ ಬರ್ತೀರಾ?”

ಭಾನುವಾರ ಅದೇ ಆರೂವರೆಗೆ ಬಂದ. ಅಗಲ ರಸ್ತೆಯಲ್ಲಿ ಹೋಗಿ ಬಂದರು. ಒಂದು ಗೇರೂ ತಪ್ಪಲಿಲ್ಲ. ಗೇಟಿನ ಮುಂದೆ ನಿಲ್ಲಿಸಿ ಅವಳು ಕೈ ಮಡಿಲಲ್ಲಿಟ್ಟುಕೊಂಡಳು. ಎಂಜಿನ್ ಓಡುತ್ತಿತ್ತು.

“ಯಾವ ಪಾಠ ಮೇಡಂ ಅರ್ಥ ಆಗಿಲ್ಲ?”

“ಇದೇ. ಗಲ್ಲೀಲಿ ಬರುವಾಗಲೇ ಟರ್ಬೋ ಆರಿರುತ್ತಂತಲ್ಲ. ಮತ್ತೆ ದಿನಾ ಒಂದು ನಿಮಿಷ ಯಾವುದಕ್ಕೆ?”

ಅವನ ಮುಖ ಕೆಂಪಾಯಿತು.

“ಮೊದಲ ದಿನ ಅಭ್ಯಾಸದಿಂದ ಅಂದೆ,” ಎಂದ. “ಎರಡನೇ ದಿನ ಬೇಕು ಅಂತಲೇ ಅಂದೆ. ನೀವು ಟಕ್ ಅಂತ ಆಫ್ ಮಾಡಿ ಇಳಿದು ಹೋದ್ರಲ್ಲ, ಆವತ್ತು ಅನ್ನಿಸ್ತು, ನನ್ನ ಕಳ್ಳತನ ಗೊತ್ತಾಗಿ ನಿಮಗೆ ಬೇಜಾರಾಗಿದೆ ಅಂತ. ಸಂಜೆ ಹೋಗಿ ಕೆಲಸ ಒಪ್ಕೊಂಡೆ.”

“ನನಗೆ ಗೊತ್ತಾಗಿದ್ದು ಅರ್ಧ! ನೀವು ಬರೀ ಗಾಡಿಗೋಸ್ಕರ ಕೂರ್ತೀರ ಅಂದ್ಕೊಂಡು ಅತ್ಬಿಟ್ಟೆ, ಗೊತ್ತಾ?”

ಅವನು ಬೆಚ್ಚಿ ಅವಳ ಕಡೆ ತಿರುಗಿದ. “ಅತ್ರಾ?”

“ಶುಕ್ರವಾರ ಯಾಕೆ ಕಣ್ಣು ಮುಚ್ಚಲಿಲ್ಲ?”

“ಕೇಳಿಸ್ಕೊಳ್ಳೋದು ಏನೂ ಉಳಿದಿರ್ಲಿಲ್ಲ. ನೋಡೋದಿತ್ತು.”

ಅವಳ ಕಣ್ಣು ತುಂಬಿತು. ಗೇರಿನ ಮೇಲಿದ್ದ ಅವನ ಕೈಯ ಮೇಲೆ ಕೈ ಇಟ್ಟಳು.

“ಮಾತು ಕೊಟ್ಟಿದ್ದೀನಿ, ಹೋಗ್ಲೇಬೇಕು,” ಎಂದ ಅವನು ಮೆಲ್ಲಗೆ.

“ಹೋಗಿ. ನನಗೇನೂ ಅವಸರ ಇಲ್ಲ, ಮೂವತ್ತರಲ್ಲೇ ನಾಲ್ಕನೇ ಗೇರಿಗೆ ಹಾರಲ್ಲ.”

“ಶನಿವಾರ ಅಮ್ಮನ್ನ ಕರ್ಕೊಂಡು ಬರ್ತೀನಿ. ನಿಮ್ಮ ಮನೆಗೆ.”

“ಕನ್ನಡಕ ಹಾಕ್ಕೊಂಡು ಬರೋಕೆ ಹೇಳಿ. ಹೇಗಿದ್ದಾಳೆ ಅಂತ ನೋಡ್ಬೇಕಲ್ಲ!”

ಮರುದಿನ ಅವಳೇ ಅವನನ್ನು ಬಸ್ ನಿಲ್ದಾಣಕ್ಕೆ ಬಿಟ್ಟಳು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ಅಪ್ಪ ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿ, ನಿದ್ದೆ ಬಂದವರಂತೆ ತಲೆ ವಾಲಿಸಿದರು. ಬಸ್ಸು ಹೊರಡುವುದರಲ್ಲಿತ್ತು. ಅವನು ಬಾಗಿಲಿನ ಹಿಡಿಗೆ ಕೈ ಹಾಕಿದ.

“ಆಫ್ ಮಾಡಲ್ವಾ?”

“ಒಂದು ನಿಮಿಷ ಇರ್ಲಿ ಮಾಸ್ಟ್ರೇ.”

“ಟರ್ಬೋಗಾ?”

“ಹೂಂ. ಟರ್ಬೋಗೆ.”

ಅವನು ಹಿಡಿಯಿಂದ ಕೈ ತೆಗೆದು ಮತ್ತೆ ಸೀಟಿಗೆ ಒರಗಿದ. ಆ ಬಸ್ಸು ಹೋಯಿತು. ಅವನು ಹೋದದ್ದು ಅದರ ನಂತರದ ಬಸ್ಸಿಗೆ.