ಉಗುಳಪ್ಪನ ಗುಟುಕು

"ಉಗುಳಿಬಿಟ್ರಲ್ರೀ! ನಾಚಿಕೆ ಆಗಲ್ವಾ ನಿಮಗೆ?"

ನಗರದ ವಾರ್ಷಿಕ ವೈನ್ ಮೇಳದಲ್ಲಿ ಹದಿನೇಳನೇ ಮಳಿಗೆಯ ಸುತ್ತಮುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಅವಳು ಅಷ್ಟು ಜೋರಾಗಿ ಕೂಗಿದ್ದಳು. ಎದುರಿಗಿದ್ದವನ ಕೊರಳಲ್ಲಿ ತೀರ್ಪುಗಾರನ ಬ್ಯಾಡ್ಜು, ಒಂದು ಕೈಯಲ್ಲಿ ಗ್ಲಾಸು. ಬಾಯಿ ಒರೆಸಲು ಎತ್ತಿದ ಕರವಸ್ತ್ರ ಅರ್ಧಕ್ಕೇ ನಿಂತಿತ್ತು.

"ನಮ್ಮಮ್ಮ ವರ್ಷವಿಡೀ ಮೈ ಮುರಿದು ಮಾಡಿದ್ದು ಇದು. ಇಷ್ಟ ಆಗದಿದ್ರೆ ಸುಮ್ನೆ ಗ್ಲಾಸ್ ಇಟ್ಟು ಹೋಗಿ!"

"ಅದು ಹಾಗಲ್ಲ ಮೇಡಂ... ಇವತ್ತು ನಾನು ನಲವತ್ತು ಮಳಿಗೆ ವೈನ್ ರುಚಿ ನೋಡ್ಬೇಕು. ಎಲ್ಲಾ ನುಂಗಿದ್ರೆ ನನ್ನನ್ನ ಯಾರಾದ್ರೂ ಹೊತ್ಕೊಂಡು ಹೋಗ್ಬೇಕಾಗುತ್ತೆ."

ಅಮ್ಮ ಹಿಂದಿನಿಂದ ಅವಳ ತೋಳು ಹಿಡಿದು ಎಳೆದಳು. "ಲೇ, ಬಾಯಿ ಮುಚ್ಚೇ! ತೀರ್ಪುಗಾರರೆಲ್ಲ ಉಗುಳ್ತಾರೆ. ಆ ಬಕೆಟ್ ಇಟ್ಟಿರೋದೇ ಅದಕ್ಕೆ!"

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಅವಳು ಹಿಂದಿನ ವಾರದವರೆಗೂ ಬಟ್ಟೆ ಹೊಲಿಯುತ್ತಿದ್ದವಳು. ಅಮ್ಮನ ಮಣಿಕಟ್ಟು ಕೈಕೊಟ್ಟ ಮೇಲೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಪೀಪಾಯಿಗಳ ಕಡೆ ಬಂದಿದ್ದಳು. ಪಾಪ, ಅವನು ಉಗುಳಿದ್ದು ಬಕೆಟ್ಟಿಗೆ. ಇವಳು ಉಗಿದದ್ದು ಅವನ ಮುಖಕ್ಕೇ!

ಅಂದಿನಿಂದ ಮನೆಯಲ್ಲಿ ಅವನ ಹೆಸರು ಉಗುಳಪ್ಪ.

ಮರುವರ್ಷ ಅಂಕಗಳ ಪಟ್ಟಿ ಹೊರಬಿದ್ದ ಮೇಲೆ ಉಗುಳಪ್ಪ ತಾನಾಗಿ ಮಳಿಗೆಗೆ ಬಂದ. ಗ್ಲಾಸು ತಿರುಗಿಸಿ ವಾಸನೆ ಹಿಡಿಯುವುದು ಹೇಗೆಂದು ಅವಳಿಗೆ ಕಲಿಸಿಕೊಟ್ಟ. ಅವಳು ಅವನ ಕೋಟಿಗೆ ಕಿತ್ತುಹೋದ ಗುಂಡಿ ಹೊಲಿದುಕೊಟ್ಟಳು. ಆಮೇಲೆ ಫೋನು ಶುರುವಾಯಿತು. ದ್ರಾಕ್ಷಿ ಹೇಗಿದೆ ಎಂದು ಶುರುವಾದ ಮಾತು ದ್ರಾಕ್ಷಿಯನ್ನು ಬಿಟ್ಟು ಎಲ್ಲೆಲ್ಲೋ ಹೋಗುತ್ತಿತ್ತು.

"ಉಗುಳಪ್ಪ ಫೋನ್ ಮಾಡಿಲ್ವೇನೇ ಇವತ್ತು?" ಎಂದು ಅಮ್ಮನೇ ಕೇಳುವಷ್ಟು ರೂಢಿಯಾಯಿತು.

ಈಗ ಮೂರನೇ ವರ್ಷ. ನಲವತ್ತು ಮಳಿಗೆಗಳಲ್ಲಿ ಕೊನೆಯ ಐದಕ್ಕೆ ಮುಂದಿನ ಮೇಳದಲ್ಲಿ ಜಾಗವಿಲ್ಲ. ಹೋದ ಸಲ ಇವರದ್ದು ಮೂವತ್ತನಾಲ್ಕನೇ ಸ್ಥಾನ. "ಈ ಸಲ ಜಾಗ ಹೋದ್ರೆ ನಾನು ಮತ್ತೆ ಪೀಪಾಯಿ ಮುಟ್ಟಲ್ಲ" ಎಂದು ಅಮ್ಮ ಖಡಾಖಂಡಿತವಾಗಿ ಹೇಳಿದ್ದಳು.

ಬೆಳಿಗ್ಗೆ ಮೂವರು ತೀರ್ಪುಗಾರರು ಬಂದರು. ಉಗುಳಪ್ಪ ಗ್ಲಾಸು ತಿರುಗಿಸಿದ, ಮೂಸಿದ, ಗುಟುಕರಿಸಿದ. ಅವಳು ಅಭ್ಯಾಸದಂತೆ ಬಕೆಟ್ಟನ್ನು ಮುಂದೆ ತಳ್ಳಿದಳು.

ಅವನು ನುಂಗಿಬಿಟ್ಟ!

ಒಂದು ಕ್ಷಣ ಅವಳನ್ನೇ ನೋಡಿ, ಗ್ಲಾಸು ಇಟ್ಟು ಮುಂದಿನ ಮಳಿಗೆಗೆ ಹೊರಟುಹೋದ.

ಮಧ್ಯಾಹ್ನ ಪಟ್ಟಿ ಹಾಕಿದರು. ಹದಿನೇಳನೇ ಮಳಿಗೆಯ ಎದುರು ಇಬ್ಬರ ಅಂಕಗಳಿದ್ದವು. ಉಗುಳಪ್ಪನ ಜಾಗದಲ್ಲಿ ಬರೀ ಒಂದು ಗೆರೆ.

'ಅಂಕ ಕೊಡೋಕೂ ಲಾಯಕ್ಕಿಲ್ಲದಷ್ಟು ಕೆಟ್ಟದಾಗಿತ್ತಾ? ಅದನ್ನ ಫೋನಲ್ಲಾದ್ರೂ ಹೇಳಬಹುದಿತ್ತಲ್ಲ... ನಾನೆಂಥ ಹುಚ್ಚಿ!'

ಕಣ್ಣು ತುಂಬಿಕೊಂಡೇ ತೀರ್ಪುಗಾರರ ಕೋಣೆಗೆ ನುಗ್ಗಿದಳು. ಅಲ್ಲಿ ಮುಖ್ಯ ತೀರ್ಪುಗಾರ್ತಿ ಒಬ್ಬರೇ ಕೂತಿದ್ದರು, ದಪ್ಪ ಕನ್ನಡಕದ ಹಿರಿಯ ಹೆಂಗಸು.

"ನಮ್ಮ ಮಳಿಗೆಗೆ ಅವರು ಯಾಕೆ ಸೊನ್ನೆ ಹಾಕಿದ್ದು ಮೇಡಂ?"

"ಸೊನ್ನೆ ಅಲ್ಲಮ್ಮ, ಗೆರೆ. ನಿಮಗೆ ಅಂಕ ಹಾಕಲ್ಲ ಅಂತ ಅವನೇ ಬರೆದುಕೊಟ್ಟ. ಉಳಿದ ಇಬ್ಬರ ಸರಾಸರಿಯಲ್ಲಿ ನಿಮ್ಮದು ಹನ್ನೊಂದನೇ ಸ್ಥಾನ. ಅಮ್ಮನಿಗೆ ಹೇಳು, ಜಾಗ ಗಟ್ಟಿ."

"ಅಂಕ ಹಾಕಲ್ಲ ಅಂದ್ರೆ... ಯಾಕೆ?"

ಹಿರಿಯಾಕೆ ಒಂದು ಹಾಳೆಯನ್ನು ಮೇಜಿನ ಅಂಚಿಗೆ ಸರಿಸಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. "ಇದನ್ನ ನಾನು ಯಾರಿಗೂ ತೋರಿಸೋ ಹಾಗಿಲ್ಲ. ಆದ್ರೆ ಕನ್ನಡಕ ಇಲ್ಲದಿದ್ರೆ ನನಗೇನೂ ಕಾಣಲ್ಲಮ್ಮ."

ಹಾಳೆಯಲ್ಲಿ ಅಚ್ಚಾದ ಪ್ರಶ್ನೆ: 'ಮಳಿಗೆಯವರೊಂದಿಗೆ ನಿಮಗೆ ಸಂಬಂಧವಿದೆಯೇ? ಇದ್ದರೆ ವಿವರಿಸಿ.'

ಕೆಳಗೆ ಅವನ ಕೈಬರಹ: 'ಇನ್ನೂ ಇಲ್ಲ. ಅವರು ಒಪ್ಪಿದರೆ, ಇದೆ.'

ಅವಳು ಅದನ್ನು ಮೂರು ಸಲ ಓದಿದಳು. ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ಓಡಿದಳು.

ಮಳಿಗೆಗೆ ಮರಳಿದಾಗ ಉಗುಳಪ್ಪ ಅಲ್ಲೇ ಇದ್ದ. ಅಮ್ಮ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ವಿಚಾರಿಸುತ್ತಿದ್ದಳು.

"ಬೆಳಿಗ್ಗೆ ಒಂದು ಮಾತೂ ಆಡಲಿಲ್ಲ ನೀವು."

"ಪಟ್ಟಿ ಹಾಕೋವರೆಗೂ ನಾವು ಮಳಿಗೆಯವರ ಜೊತೆ ಮಾತಾಡೋ ಹಾಗಿಲ್ಲ. ಮೊದಲ ವರ್ಷ ನಿಮಗೆ ಉತ್ತರ ಕೊಟ್ಟಿದ್ದಕ್ಕೇ ಬೈಸ್ಕೊಂಡಿದ್ದೆ."

"ಮತ್ತೆ ನುಂಗಿದ್ಯಾಕೆ?"

"ಅಂಕ ಹಾಕೋದೇ ಇಲ್ಲ ಅಂದ್ಮೇಲೆ ಯಾಕೆ ಉಗುಳ್ಲಿ? ಇದನ್ನ ಒಂದ್ಸಲ ನೆಮ್ಮದಿಯಾಗಿ ಕುಡೀಬೇಕು ಅಂತ ಎಷ್ಟು ದಿನದಿಂದ ಆಸೆ ಇತ್ತು ಗೊತ್ತಾ?"

"ನನ್ನನ್ನ ಕೇಳೋದು ಬಿಟ್ಟು ಆ ಹಾಳೆಗೆ ಹೇಳಿದ್ರಲ್ಲ!"

ಅವನು ಬೆಚ್ಚಿದ. ಕಿವಿ ಕೆಂಪಾಯಿತು. "ಓದಿದ್ರಾ...? ನಿಮ್ಮನ್ನ ಕೇಳೋಕೆ ಭಯ. ಮತ್ತೆ ಉಗೀತೀರಿ ಅಂತ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಬಕೆಟ್ಟನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದಳು.

"ಹೋಗಿ, ಆ 'ಇನ್ನೂ ಇಲ್ಲ' ಅನ್ನೋದನ್ನ ಹೊಡೆದುಹಾಕಿ ಬನ್ನಿ. ಸುಳ್ಳು ಬರೀಬಾರದು."

"ಮತ್ತೇನಂತ ಬರೀಲಿ?"

"ಇದೆ ಅಂತ."