ನೀವು ಇರಬೇಕಾದಲ್ಲಿ ನೀನು

ನಮ್ಮ ಗ್ರಂಥಾಲಯದ ಕಂಪ್ಯೂಟರುಗಳು ಕೈಕೊಟ್ಟ ವಾರವೇ ಅವಕ್ಕೆ ಮುಕ್ತ ಸಾಫ್ಟ್‌ವೇರ್ ಹಾಕಿಕೊಡಲು ಅವನು ಬಂದ. ಹಳೆಯ ಸಾಫ್ಟ್‌ವೇರ್ ಕಂಪನಿ ಲೈಸೆನ್ಸ್ ನಿಲ್ಲಿಸಿತ್ತು. ನಮ್ಮ ಪುಸ್ತಕಗಳ ವಿವರ ನಮಗೇ ತೆರೆಯುತ್ತಿರಲಿಲ್ಲ. ಬ್ಯಾಗಿನ ಮೇಲೆ ಆ ಸಾಫ್ಟ್‌ವೇರಿನ ಗುರುತಾದ ಪೆಂಗ್ವಿನ್ ಚಿತ್ರ ಅಂಟಿಸಿಕೊಂಡಿದ್ದನಲ್ಲ, ಎಲ್ಲರೂ ಅವನನ್ನು ಪೆಂಗ್ವಿನ್ ಎಂದೇ ಕರೆದರು. ನಾನು ಮಾತ್ರ ಸರ್ ಎಂದೆ. ಒಬ್ಬರನ್ನು ದೂರ ಇಡಲು ಅದಕ್ಕಿಂತ ಒಳ್ಳೆಯ ಗೋಡೆ ನನಗೆ ಗೊತ್ತಿರಲಿಲ್ಲ.

“ಮುಕ್ತ ಸಾಫ್ಟ್‌ವೇರ್ ಅಂದ್ರೆ ಪುಕ್ಕಟೆ ತಾನೆ ಸರ್?”

“ಅಷ್ಟೇ ಅಲ್ಲ ಮೇಡಂ. ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಯಾರ ಅಪ್ಪಣೆಯೂ ಬೇಡ.”

“ವೈಫೈ ಹಿಡೀತಿಲ್ವಲ್ಲ?”

“ಅದರ ಚಿಪ್ ಕಂಪನಿಯವರದೇ ಒಂದು ಮುಚ್ಚಿಟ್ಟ ಪ್ರೋಗ್ರಾಂ ಕೇಳುತ್ತೆ. ಅದನ್ನ ಹಾಕಲ್ಲ.”

“ಚೂರು ಹಾಕಿದ್ರೆ ಗಂಟೇನು ಹೋಗುತ್ತೆ?”

“ಚೂರು ಅಂತಾನೇ ಎಲ್ಲಾ ಒಳಗೆ ಬರೋದು.”

ಎಂಥ ಹಠಮಾರಿ! ವೈಫೈ ಬದಲು ಇಡೀ ದಿನ ಮಂಡಿಯೂರಿ ಕಪಾಟುಗಳ ಹಿಂದೆ ಕೇಬಲ್ ಎಳೆದ. ಇನ್ನೊಂದು ತುದಿ ನಾನು ಹಿಡಿದಿದ್ದೆ. ಕೂದಲಿಗೆ ಧೂಳು ಮೆತ್ತಿಕೊಂಡ ಅವನು ಕತ್ತೆತ್ತಿ ನಕ್ಕಾಗ ನಾನು ಪುಸ್ತಕಗಳ ಕಡೆ ನೋಡಿದೆ. ಕೇಬಲ್ ಮಾತ್ರ ಬಿಡಲಿಲ್ಲ.

ನನ್ನ ಮೇಜಿನ ಕಂಪ್ಯೂಟರ್ ಮುಟ್ಟಬೇಡಿ ಎಂದಿದ್ದೆ. ತೀರಿಕೊಂಡ ನನ್ನ ಗಂಡ ಇಲ್ಲೇ ಕೆಲಸಕ್ಕಿದ್ದರು. ಅದನ್ನು ಸಿದ್ಧಪಡಿಸಿದ್ದು ಅವರೇ. ಅದರಿಂದ ಈಗ ಯಾವ ಕೆಲಸವೂ ಆಗುತ್ತಿರಲಿಲ್ಲ. ಹಾಕಿದರೆ ಅವರ ಹೆಸರು ಕಾಣುತ್ತಿತ್ತು, ಅಷ್ಟೇ. ಮನೆಯಲ್ಲಿ ಅತ್ತೆ ಮತ್ತು ನಾನು ಆ ಹೆಸರನ್ನು ಎತ್ತುವುದನ್ನೇ ಬಿಟ್ಟಿದ್ದೆವು. ಪೆಂಗ್ವಿನ್ ಏನೂ ಕೆದಕಲಿಲ್ಲ. ಅದೊಂದನ್ನು ಬಿಟ್ಟು ಉಳಿದವನ್ನು ಬದಲಾಯಿಸುತ್ತ ಹೋದ.

ಹೊಸ ಸಿಸ್ಟಂ ಪರದೆಯ ಮೇಲೆ ತೋರಿಸುವ ಮಾತುಗಳನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಒಪ್ಪಿಸಿದ. “ಸರಿಯಿಲ್ಲ ಅನ್ನಿಸಿದ್ರೆ ತಿದ್ದಿ. ಇದು ನಿಮ್ಮದೇ,” ಎಂದ. ಯಾವುದನ್ನಾದರೂ ನನ್ನದು ಎಂದುಕೊಂಡು ಎಷ್ಟು ಕಾಲವಾಗಿತ್ತೋ. ಹುರುಪಿನಿಂದ ಬರೆದೆ.

ಕಂಪ್ಯೂಟರ್ ಮುಚ್ಚುವಾಗ ಬರುವ ಪ್ರಶ್ನೆಯೊಂದಿತ್ತು. ಅದನ್ನು ಬರೆಯುವಾಗ ಅವನು ಕಿಟಕಿಯ ಹತ್ತಿರ ಬ್ಯಾಗಿಗೆ ಸಾಮಾನು ತುಂಬುತ್ತಿದ್ದ. ನೋಡಿದ್ದು ಅವನನ್ನು, ಬರೆದದ್ದು ಹೀಗೆ: ‘ಹೋಗ್ತೀಯಾ? ಉಳಿಸದೇ ಇರುವ ಕೆಲಸ ಇದೆ.’

ಅವನು ನನ್ನ ಮೇಲಿನ ನಂಬಿಕೆಯಿಂದ ಓದದೆಯೇ ಎಲ್ಲ ಕಂಪ್ಯೂಟರಿಗೂ ಹಾಕಿಬಿಟ್ಟ. ಮರುದಿನ ವಾಚನಾಲಯದಿಂದ ನಿವೃತ್ತ ಮೇಷ್ಟ್ರ ಗುಡುಗು ಕೇಳಿತು.

“ಈ ಪೆಟ್ಟಿಗೆ ನನ್ನನ್ನ ಏಕವಚನದಲ್ಲಿ ಮಾತಾಡಿಸ್ತಿದೆಯಲ್ರೀ! ಹೋಗ್ತೀಯಾ ಅಂತೆ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಪೆಂಗ್ವಿನ್ ಬಂದು ಆ ಸಾಲನ್ನು ನಿಧಾನವಾಗಿ ಓದಿದ.

“ತಪ್ಪಾ ಮೇಡಂ ಇದು?”

“ತಪ್ಪೇ. ತಿದ್ದಿಬಿಡಿ.”

ಒಂದೊಂದೇ ಕಂಪ್ಯೂಟರಿನಲ್ಲಿ ತಿದ್ದುತ್ತ ಹೋದ.

ಅವನ ಕೊನೆಯ ದಿನ ನಾನೇ ಕರೆದೆ. “ನನ್ನದನ್ನೂ ಬದಲಾಯಿಸಿ.”

ಹಳೆಯ ಫೋಟೋಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಎರಡೆರಡು ಸಲ ತೆರೆದು ತೋರಿಸಿದ. ಡಿಸ್ಕ್ ಪೂರ್ತಿ ಅಳಿಸಬೇಕೇ ಎಂಬ ಪ್ರಶ್ನೆ ಬಂದಾಗ ಕೈ ಹಿಂದೆಗೆದುಕೊಂಡ.

“ಇದನ್ನ ನೀವೇ ಒತ್ತಬೇಕು. ಬೇಡ ಅನ್ನಿಸಿದ್ರೆ ಹಾಗೇ ಇರಲಿ. ನಾನೇನೂ ಅಂದ್ಕೊಳ್ಳಲ್ಲ.”

ಅವರನ್ನು ಪ್ರೀತಿಸಿದ್ದೆ, ಈಗಲೂ ಪ್ರೀತಿಸುತ್ತೇನೆ. ಆದರೆ ಅವರ ಹೆಸರಿನ ಹಿಂದೆ ಅವಿತು ಕೂತವಳು ನಾನು. ಒತ್ತಿದೆ. ಅಳು ಒತ್ತರಿಸಿ ಬಂತು. ಅವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಎದ್ದು ಹೋಗಲಿಲ್ಲ.

ಹೊಸ ಸಿಸ್ಟಂ ಹೆಸರು ಕೇಳಿತು. ನನ್ನ ಹೆಸರು ಬರೆದೆ.

“ಒಂದು ಮಾತು,” ಎಂದ ಅವನು, ಕೇಬಲ್ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ. “ಆ ಪ್ರಶ್ನೆಯನ್ನ ಎಲ್ಲದರಲ್ಲೂ ತಿದ್ದಿದೆ. ನನ್ನ ಲ್ಯಾಪ್‌ಟಾಪಲ್ಲಿ ಮಾತ್ರ ತಿದ್ದಿಲ್ಲ. ಮುಚ್ಚೋಕೆ ಹೋದಾಗೆಲ್ಲ ಕೇಳುತ್ತೆ.”

“ಏನಂತೀರಿ ಅದಕ್ಕೆ?”

“ಇಲ್ಲ ಅಂತ ಒತ್ತುತ್ತೀನಿ. ಅದಕ್ಕೇ ಅವತ್ತಿಂದ ಮುಚ್ಚೇ ಇಲ್ಲ.”

ನಗು ಬಂತು, ಕಣ್ಣೂ ತುಂಬಿತು.

“ಅದು ಕೇಳಿದ್ದಲ್ಲ. ನಾನು ಕೇಳಿದ್ದು.”

“ಗೊತ್ತು. ಕೆಲಸ ಇದೆ, ನಾಳೆ ಹೋಗ್ಲೇಬೇಕು. ಭಾನುವಾರ ಬಂದು ನಿಮ್ಮತ್ತೆಯವರ ಹತ್ರ ಮಾತಾಡ್ತೀನಿ. ಬರ್ಲಾ?”

ಬನ್ನಿ ಎನ್ನಲು ಬಾಯಿ ತೆರೆದೆ.

“ಬಾ,” ಎಂದೆ.